ಮೆಟ್ಟಿಲ ಹಕ್ಕು

ಏಕೀಕರಣವಾದ ಮರುವರ್ಷ ನಾನು ಯಾದಗಿರಿ ತಾಲೂಕಿನಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದೆ. ಬೇಸಿಗೆ ಬಂತೆಂದರೆ ಬಳಿಚಕ್ರದ ಕಡೆಯ ಹಳ್ಳಿಗಳಲ್ಲಿ ನಾರುಹುಣ್ಣಿನದೇ ಗೋಳು. ನೀರಿನೊಡನೆ ಹೊಟ್ಟೆ ಸೇರಿದ ಹುಳ ವರ್ಷದ ಮೇಲೆ ದಾರದಂತೆ ಕಾಲಿನಿಂದ ಹೊರಬರುತ್ತದೆ. ಆ ಕಾಲನ್ನು ಬಾವಿಯಲ್ಲಿ ಅದ್ದಿದರೆ ಮುಗಿಯಿತು, ಇಡೀ ಊರಿಗೆ ಹುಳ. ಅದಕ್ಕೇ ನಮಗೆ ಆದೇಶ: ಬಾವಿಯ ಮೆಟ್ಟಿಲು ಮುಚ್ಚಿ, ಕಟ್ಟೆ ಕಟ್ಟಿ, ರಾಟೆ ಹಾಕಿ.

ಅಂಥ ಒಂದೂರಿನಲ್ಲಿ, ಊರವರು ಮುಟ್ಟಿಸಿಕೊಳ್ಳದ ಕೇರಿಯ ಹಣಮವ್ವನ ಪರಿಚಯವಾಯಿತು. ಅವಳ ಮಗಳು ದುರಗಿಯ ಹಿಮ್ಮಡಿಯ ನಾರನ್ನು ದಿನಾ ಇಷ್ಟಿಷ್ಟೇ ಕಡ್ಡಿಗೆ ಸುತ್ತಿ ತೆಗೆದಿದ್ದೆ.

“ಕಾಲ ಉಳೀತಲ್ರಿ ಸಾಹೇಬ್ರ, ಇನ್ನ ಕುಣಿತಾಳ ನೋಡ್ರಿ!” ಎಂದು ಹಣಮವ್ವ ನಕ್ಕಿದ್ದಳು.

ಆ ಊರ ಬಾವಿಗೆ ಊರವರು ಉತ್ತರದ ಮೆಟ್ಟಿಲಿನಿಂದ, ಕೇರಿಯವರು ದಕ್ಷಿಣದ ಮೆಟ್ಟಿಲಿನಿಂದಷ್ಟೇ ಇಳಿಯಬೇಕೆಂಬುದು ಹಿಂದಿನ ಕಟ್ಟುಪಾಡು. ನಾವು ಎರಡೂ ಕಡೆಯ ಮೆಟ್ಟಿಲಿಗೆ ಕಲ್ಲು ಕಟ್ಟಿಸಿ ರಾಟೆ ನಿಲ್ಲಿಸಿದೆವು. ಹಣಮವ್ವ ಹಗ್ಗ, ಕೊಡ ಹಿಡಿದು ಬಂದಾಗ ಊರ ಪಾಟೀಲರು ಅಡ್ಡ ನಿಂತರು.

“ನಿಮ್ಮ ಹಕ್ಕು ಮೆಟ್ಟಲದ್ದು. ರಾಟಿದಲ್ಲ.”

“ಮೆಟ್ಟಲ ಈಗ ಎಲ್ಲಿ ಅದಾವ್ರಿ, ಧಣೇರ?”

“ಮುಚ್ಚಿಸಿದ ಸಾಹೇಬ್ರನ್ನ ಕೇಳು.”

“ಹುಳಕ್ಕ ಜಾತಿ ಇಲ್ರಿ ಪಾಟೀಲ್ರ!” ಎಂದು ಕೂಗಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ತಹಸೀಲ್ದಾರರಿಗೆ ಬರೆದೆ. ರಾಜ್ಯ ಹೊಸದು, ಕಾಗದವೆಲ್ಲ ಹಳೆಯ ಉರ್ದುವಿನದು; ತರ್ಜುಮೆ, ವಿಚಾರಣೆ ಎಂದು ಕಡತ ತೆವಳಿತು. ಅಷ್ಟರಲ್ಲಿ ಕೇರಿಯವರು ಹಳ್ಳದ ಹೊಂಡದ ನೀರು ಕುಡಿದರು.

ಎರಡನೆಯ ಬೇಸಿಗೆಗೆ ಊರೊಳಗೆ ನಾರು ಕಾಣಲಿಲ್ಲ. ನನ್ನ ಮೇಲಧಿಕಾರಿಗಳು ಶಹಬ್ಬಾಸ್ ಎಂದರು. ಕೇರಿಯಲ್ಲಿ ಮಾತ್ರ ಇತ್ತು. ದುರಗಿಯ ಅದೇ ಕಾಲಿಗೆ ಮತ್ತೆ ಬಂದಿತ್ತು. ಹಳ್ಳದಿಂದ ಕೊಡ ಹೊತ್ತು ಬರುವಾಗ ಹುಳ ಒಳಗೇ ತುಂಡಾಗಿ ಕೀವಾಯಿತು. ಯಾದಗಿರಿಯ ದವಾಖಾನೆಯಲ್ಲಿ ಜೀವ ಉಳಿಯಿತು. ನರ ಸೇದಿಕೊಂಡು ಕಾಲು ಸೊಟ್ಟಗಾಯಿತು.

ಹುಕುಂ ಬಂದದ್ದು ಆಮೇಲೆ. ಪೊಲೀಸರನ್ನು ನಿಲ್ಲಿಸಿಕೊಂಡು ಅದೇ ಬಾವಿಗೆ ಕೇರಿಯವರದೊಂದು ರಾಟೆ ಹಾಕಿಸಿದೆ. ಮೊದಲ ಕೊಡ ದುರಗಿಯೇ ಸೇದಲಿ ಎಂದರು ಕೇರಿಯವರು. ಹುಡುಗಿ ಕಟ್ಟೆಗೆ ಆತು ಹಗ್ಗ ಜಗ್ಗಿದಳು. ತುಂಬಿದ ಕೊಡ ಅರ್ಧಕ್ಕೆ ಬಂದು ನಿಂತಿತು. ಹಣಮವ್ವ ಅವಳ ಕೈಯಿಂದ ಹಗ್ಗ ಇಸಿದುಕೊಂಡಳು.

“ಸೇದಾಕ ಎರಡೂ ಕಾಲು ಬೇಕ್ರಿ ಸಾಹೇಬ್ರ. ಮೆಟ್ಟಲಿದ್ದಿದ್ರ ಕುಂತಾದ್ರೂ ಇಳಿತಿದ್ಲು.”

ಅಳು ಬಂತು, ಮುಖ ತಿರುಗಿಸಿಕೊಂಡೆ. ಮುಂದೆ ಸುರಪುರ, ಶಹಾಪುರ ಎಲ್ಲಿಗೆ ವರ್ಗವಾದರೂ, ಬಾವಿಯಲ್ಲಿ ಹುಳ ಹುಡುಕುವ ಮೊದಲು ಯಾರು ಯಾವ ಕಡೆಯಿಂದ ಇಳಿಯುತ್ತಾರೆಂದು ಕೇಳುತ್ತಿದ್ದೆ. ಎಷ್ಟೋ ಊರಿಗೆ ಅದು ಉಪಯೋಗಕ್ಕೆ ಬಂತು. ದುರಗಿಗೆ ಬರಲಿಲ್ಲ.