ಚುನಾವಣೆ ಮುಗಿಯುವ ತನಕ

ಖಂಡೇ ಪೂಜೆಯ ಮಣೆಯ ಮೇಲೆ ಲ್ಯಾಪ್‌ಟಾಪ್ ಇತ್ತು, ಎರಡು ಕಾರಿನ ಕೀಲಿಗಳಿದ್ದವು, ಡ್ರಿಲ್ ಮಷೀನು, ಈಳಿಗೆ, ಕತ್ತರಿ ಇದ್ದವು. ಅವುಗಳ ನಡುವೆ, ನಳಿಗೆಯ ಮೇಲೆ ಮೂರೆಳೆ ವಿಭೂತಿ ಬಳಿಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಒಂದು ಪಿಸ್ತೂಲು ಮಲಗಿತ್ತು. ನನ್ನ ಒಂಬತ್ತು ವರ್ಷದ ಮಗಳು ಅಕ್ಷತಾ ಆರತಿ ತಟ್ಟೆ ಹಿಡಿದು ಅದರಿಂದ ಒಂದು ಗೇಣು ದೂರದಲ್ಲಿ ನಿಂತಿದ್ದಳು.

ಆಯುಧಪೂಜೆಗೆ ನಮ್ಮ ರೋಣದ ಕಡೆ ಖಂಡೇ ಪೂಜೆ ಎನ್ನುತ್ತಾರೆ. ಊರಲ್ಲಿ ನೇಗಿಲು, ಕುಡುಗೋಲು ಇಡುತ್ತಿದ್ದೆವು. ಇಲ್ಲಿ ಯಾರ ಯಾರ ಅನ್ನ ಯಾವುದರಿಂದ ಬರುತ್ತದೆಯೋ ಅದನ್ನು ಇಡುತ್ತಾರೆ. ಪಿಸ್ತೂಲಿನಿಂದ ಆ ಮನೆಗೆ ಅನ್ನ ಬರುತ್ತಿರಲಿಲ್ಲ. ಅದು ಸ್ಯಾನ್ ಡಿಯೇಗೊದಲ್ಲಿರುವ ನನ್ನ ಗಂಡನ ಅಕ್ಕ ಸುನಂದಾ ಅವರ ಮನೆ; ಪಿಸ್ತೂಲು ಅವರ ಯಜಮಾನರು ಶಿವಾನಂದ ಅಣ್ಣನವರದು. 2004ರ ಅಕ್ಟೋಬರ್ ಅದು. ನನ್ನ ಗಂಡ ಪ್ರಕಾಶ ಗುಂಡು ತಗುಲಿ ಸತ್ತು ಹದಿನಾಲ್ಕು ತಿಂಗಳಾಗಿತ್ತು.

ಅದನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಅವರು ಗ್ಲೆಂಡೇಲ್‌ನ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಿದ್ದರು. ಸಂಜೆ ಮನೆಗೆ ಬರುವಾಗ ಪೆಟ್ರೋಲ್ ತುಂಬಿಸಲು ನಿಂತರು. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ, ಇಳಿದು ನಾವೇ ತುಂಬಿಕೊಳ್ಳಬೇಕು. ಆಚೆ ಪಂಪಿನ ಹತ್ತಿರ ಇಬ್ಬರು ಜಗಳವಾಡಿದರು, ಒಬ್ಬ ಗುಂಡು ಹಾರಿಸಿದ, ಗುರಿ ತಪ್ಪಿತು. ಅಷ್ಟೇ.

2001ರಲ್ಲಿ ಅಕ್ಕನೇ ಅರ್ಜಿ ಹಾಕಿ ನಮ್ಮನ್ನು ಕರೆಸಿಕೊಂಡಿದ್ದರು. ಶಾಲೆ ಒಳ್ಳೆಯದೆಂದು ನಾವು, ಅಕ್ಕನ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ದೂರದ ಸೆರಿಟೋಸ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದೆವು. ಎರಡು ವರ್ಷ ಎದುರು ಮನೆಯವರ ಹೆಸರು ನನಗೆ ಗೊತ್ತಿರಲಿಲ್ಲ. ಊರಲ್ಲಾದರೆ ಎದುರು ಮನೆಯ ಸಾರಿಗೆ ಏನು ಹಾಕಿದ್ದಾರೆಂಬುದೂ ತಿಳಿಯುತ್ತಿತ್ತು. ಆದರೆ ಪ್ರಕಾಶ ಹೋದ ಮರುದಿನ ಬಾಗಿಲು ತೆಗೆದರೆ ಗಾಜಿನ ಪಾತ್ರೆಯಲ್ಲಿ ಬಿಸಿ ಅಡಿಗೆ ಇತ್ತು. ಮೊಟ್ಟೆ, ಮಾಂಸ ಹಾಕಿಲ್ಲವೆಂದು ಚೀಟಿ ಅಂಟಿಸಿದ್ದರು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಓಣಿಯವರೇ ಊಟ ತರುತ್ತಾರೆ ಎಂಬುದು ನಮ್ಮ ಪದ್ಧತಿಯಷ್ಟೇ ಅಲ್ಲವೆಂದು ಅಂದು ತಿಳಿಯಿತು.

ಆಮೇಲೆ ನಾನು ಆರ್ಟೇಶಿಯಾದಲ್ಲಿ ಮಕ್ಕಳ ಡೇಕೇರ್ ಒಂದರಲ್ಲಿ ಕೆಲಸಕ್ಕೆ ಸೇರಿದೆ. ಎರಡು ಸಲ ಫೇಲಾಗಿ ಮೂರನೆಯ ಸಲ ಡ್ರೈವಿಂಗ್ ಲೈಸೆನ್ಸ್ ಪಡೆದೆ. ಹೀಗೆ ಒಬ್ಬಳೇ ಎಷ್ಟು ದಿನ ಎಂದು ಅಕ್ಕ, ಅಣ್ಣ ಇಬ್ಬರೂ ಒತ್ತಾಯಿಸಿದರು. ಮಹಡಿ ಮೇಲಿನ ಕೋಣೆ ನಮಗೆ ಬಿಟ್ಟುಕೊಡುವುದು, ನವೆಂಬರ್‌ನಲ್ಲಿ ನಾವು ಸ್ಯಾನ್ ಡಿಯೇಗೊಗೆ ಬಂದು ಅವರ ಜೊತೆಗೇ ಇದ್ದುಬಿಡುವುದು ಎಂದಾಯಿತು. ಅಪಾರ್ಟ್‌ಮೆಂಟ್ ಖಾಲಿ ಮಾಡುವುದಾಗಿ ನೋಟಿಸನ್ನೂ ಕೊಟ್ಟಿದ್ದೆ. ಆ ಹಬ್ಬಕ್ಕೆ ಕಾರಿನ ತುಂಬ ಪಾತ್ರೆಗಳ ಮೊದಲ ಕಂತು ಹಾಕಿಕೊಂಡು ಹೋಗಿದ್ದೆ.

ಅದು ಅಧ್ಯಕ್ಷರ ಚುನಾವಣೆಯ ಕಾಲ. ಯುದ್ಧದಲ್ಲಿ ಬಳಸುವ ಮಾದರಿಯ ಬಂದೂಕುಗಳ ಮಾರಾಟಕ್ಕೆ ದೇಶದ ತುಂಬ ಇದ್ದ ಹತ್ತು ವರ್ಷದ ನಿಷೇಧ ಸೆಪ್ಟೆಂಬರ್‌ನಲ್ಲಿ ಮುಗಿದುಹೋಗಿತ್ತು. ಮುಂದುವರಿಸಬೇಕಿತ್ತು, ಬೇಡವಾಗಿತ್ತು ಎಂದು ಟಿವಿಯಲ್ಲಿ ಮುಗಿಯದ ವಾದ. ಆಯುಧ ಇಟ್ಟುಕೊಳ್ಳುವುದು ಸಂವಿಧಾನ ಕೊಟ್ಟ ಹಕ್ಕು ಎಂದು ಒಂದು ಕಡೆಯವರು. ಹಕ್ಕಿಗೂ ಒಂದು ಮಿತಿ ಇರಬೇಕೆಂದು ಇನ್ನೊಂದು ಕಡೆಯವರು. ಮತ ಕೇಳಲು ಬಂದವರು ಮಾತ್ರ ಈ ವಿಷಯ ಬಂದಾಗ ಬಿಸಿ ತವೆ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆಯುತ್ತಿದ್ದರು. ನಾನು ಆ ವಾದ ಬಂದಾಗಲೆಲ್ಲ ಚಾನೆಲ್ ಬದಲಿಸುತ್ತಿದ್ದೆ.

ಪೂಜೆಯ ಮನೆಯಲ್ಲಿ ಬದಲಿಸಲು ಆಗಲಿಲ್ಲ. ಊಟಕ್ಕೆ ಎಂಟು ಹತ್ತು ಜನರಿದ್ದರು. ಬೆಂಗಳೂರಿನ ಟೆಲಿಕಾಂ ಎಂಜಿನಿಯರ್ ರಘು ಹೋಳಿಗೆ ಮುರಿಯುತ್ತಾ ಮಣೆಯ ಕಡೆ ನೋಡಿ ಕೇಳಿದ, "ಏನ್ ಸಾರ್, ಎಲೆಕ್ಷನ್‌ಗೆ ನಿಲ್ತಿದೀರಾ? ಗನ್ ಹಿಡ್ಕೊಂಡು ಒಂದು ಫೋಟೋ ತೆಗೆಸ್ಕೊಂಡ್ರೆ ಟೆಕ್ಸಸ್‌ನ ಗನ್ ಪ್ರಿಯರ ಓಟೆಲ್ಲಾ ಗ್ಯಾರಂಟಿ."

ಅಣ್ಣ ನಗಲಿಲ್ಲ. ಪ್ರಕಾಶ ಹೋದ ತಿಂಗಳೇ ಅದನ್ನು ಕೊಂಡದ್ದಾಗಿ, ಪರೀಕ್ಷೆ ಬರೆದು ಕಾನೂನಿನ ಪ್ರಕಾರವೇ ತಂದದ್ದಾಗಿ ಹೇಳಿದರು. ಮನೆಯಲ್ಲಿ ಹೆಣ್ಣುಮಕ್ಕಳಿರುವಾಗ ಗಂಡಸಾದವನು ಇಷ್ಟಾದರೂ ಮಾಡಬೇಕೆಂದರು. ಆಮೇಲೆ ನನ್ನ ಕಡೆ ತಿರುಗಿ, ಸಮಾಧಾನ ಹೇಳುವ ದನಿಯಲ್ಲಿ ಅಂದರು:

"ಪ್ರಕಾಶನ ಕೈಯಾಗ ಒಂದು ಇದ್ದಿದ್ರ ಇವತ್ತ ನಮ್ಮ ಜೋಡಿ ಊಟಕ್ಕ ಕುಂದರತಿದ್ದ, ಗಿರಿಜಾ."

ಹದಿನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ನಾನು ಎದುರು ಮಾತಾಡಿದವಳಲ್ಲ. ತಟ್ಟೆ ಕೆಳಗಿಟ್ಟೆ.

"ಅಣ್ಣಾರ, ಅವರ ಕೈಯಾಗ ಪೆಟ್ರೋಲ್ ಪೈಪ್ ಇತ್ರಿ. ಕಾರಿನ ಕಡೆ ಮುಖಾ ಮಾಡಿ ನಿಂತಿದ್ರು. ಹೊಡದವಗ ಅವರು ಅಲ್ಲಿದ್ದದ್ದೂ ಗೊತ್ತಿರಲಿಲ್ಲ. ಯಾವಾಗ ತಗೀತಿದ್ರು?"

ಈ ಪಿಸ್ತೂಲು ಇರುವ ಮನೆಗೆ ಮಗಳನ್ನು ಕರೆದುಕೊಂಡು ಬರಲಾರೆ ಎಂದೆ. ಅಕ್ಕ ಗಾಬರಿಯಾಗಿ, ಪೂಜೆಗೆ ಇಟ್ಟಿದ್ದನ್ನು ನಾಳೆಯವರೆಗೆ ಎತ್ತಬಾರದು, ಇವತ್ತು ಈ ಮಾತು ಬೇಡವೆಂದರು. ಅಣ್ಣನಿಗೆ ಜನರ ಮುಂದೆ ಅವಮಾನವಾಗಿತ್ತು. ಓಟೇ ಇಲ್ಲದಾಕಿ ನಮ್ಮ ಮನೆಗೆ ಕಾನೂನು ಮಾಡಲು ಹೊರಟಿದ್ದಾಳೆ ಎಂದರು. ಅದು ನಿಜವೇ. ಅವರು ಪೌರತ್ವ ಪಡೆದು ವರ್ಷಗಳಾಗಿದ್ದವು, ನನಗೆ ಇನ್ನೂ ಎರಡು ವರ್ಷ ಬೇಕಿತ್ತು.

ಆಗ ನನಗೆ ನಮ್ಮೂರ ಗೌಡರ ನೆನಪಾಯಿತು. ಹೊಲಕ್ಕೆ ಬರುವ ಹಂದಿ ಹೆದರಿಸಲು ಅವರ ಮನೆಯಲ್ಲಿ ಲೈಸೆನ್ಸ್ ಬಂದೂಕು ಇತ್ತು. ಚುನಾವಣೆ ಸಾರಿದರೆಂದರೆ ಅದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಕೊಟ್ಟು ರಶೀದಿ ತರುತ್ತಿದ್ದರು. ಎಣಿಕೆ ಮುಗಿದ ಮೇಲೆ ವಾಪಸು. ಅಲ್ಲಿ ಓಟು ಬಂದರೆ ಬಂದೂಕು ಒಳಗೆ ಹೋಗುತ್ತದೆ. ಇಲ್ಲಿ ಓಟು ಬಂದರೆ ಬಂದೂಕು ಹೊರಗೆ ಬಂದು ಎಲ್ಲರ ಬಾಯಲ್ಲಿ ಕೂರುತ್ತದೆ.

"ಗೌಡರು ಎಲೆಕ್ಷನ್ನಿಗೆ ಬಂದೂಕು ಠಾಣಾಕ್ಕ ಕೊಡತಿದ್ರಲ್ರಿ, ಅವರ ಮರ್ಯಾದಿ ಏನು ಹೋತು? ನೀವೂ ಎಲೆಕ್ಷನ್ ಮುಗಿಯೂ ತನಕ ಕೊಟ್ಟು ಬರ್ರಿ. ಮುಂದಿಂದು ಮುಂದ ನೋಡೂಣು."

ರಘು ನಕ್ಕುಬಿಟ್ಟ. "ಸೂಪರ್ ಮೇಡಂ. ಸ್ಯಾನ್ ಡಿಯೇಗೊದಲ್ಲಿ ನೀತಿ ಸಂಹಿತೆ ಜಾರಿ!"

ನಾನು ಕೈ ತೊಳೆದು, ಕಾರಿನಿಂದ ಇಳಿಸಿದ್ದ ಪಾತ್ರೆಗಳನ್ನು ಮತ್ತೆ ಕಾರಿಗೆ ತುಂಬಿದೆ. ಬರುವಾಗ ಟ್ರಕ್ಕುಗಳ ಹಿಂದೆಯೇ ನಿಧಾನವಾಗಿ ಬಂದವಳು, ಹೋಗುವಾಗ ಫ್ರೀವೇಯಲ್ಲಿ ಅವುಗಳನ್ನು ದಾಟಿಕೊಂಡು ಹೋದೆ. ಅಕ್ಷತಾ ಇಂಗ್ಲಿಷಿನಲ್ಲಿ, ನಾವು ಮಾಮಾನ ಮೇಲೆ ಸಿಟ್ಟಾಗಿದ್ದೇವಾ ಎಂದು ಕೇಳಿದಳು. ಇಲ್ಲ, ಅವರು ಹೆದರಿದ್ದಾರೆ ಎಂದೆ. ಸೋಮವಾರ ಅಪಾರ್ಟ್‌ಮೆಂಟಿನ ಆಫೀಸಿಗೆ ಹೋಗಿ ನೋಟಿಸ್ ಹಿಂದಕ್ಕೆ ಕೇಳಿದೆ. ಬೇರೆಯವರಿಗೆ ಮಾತು ಕೊಡುವುದರಲ್ಲಿದ್ದೆ ಎಂದು ಮ್ಯಾನೇಜರ್ ಹೆಂಗಸು ಗೊಣಗುತ್ತಲೇ ಹರಿದು ಹಾಕಿದಳು. ನನಗೆ ಇರಲು ಒಂದು ಮನೆ ಉಳಿಯಿತು. ಇದ್ದ ಒಂದೇ ಬಳಗ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಚುನಾವಣೆಗೆ ನಾಲ್ಕು ದಿನ ಇರುವಾಗ ಅಣ್ಣನ ಫೋನು ಬಂತು. ಹೇಳಿದ್ದು ಇಷ್ಟೇ: "ಠಾಣಾಕ್ಕ ಕೇಳೇನಿ, ತಗೋತಾರಂತ. ಶನಿವಾರ ಬಾ, ಕೊಟ್ಟು ಬರೂಣು."

ಪಿಸ್ತೂಲು ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡು ಕಾರಿನ ಡಿಕ್ಕಿಯಲ್ಲಿತ್ತು. ದಾರಿಯಲ್ಲಿ ಅವರು ರಸ್ತೆಯನ್ನೇ ನೋಡುತ್ತಾ ಹೇಳಿದರು. ಪೂಜೆಗೆ ಇಡುವ ಮೊದಲು ಗುಂಡುಗಳನ್ನೆಲ್ಲ ತೆಗೆದಿದ್ದೇನೆ ಅಂದುಕೊಂಡಿದ್ದರು. ಮರುದಿನ ಎತ್ತಿ ನೋಡಿದರೆ ಒಂದು ನಳಿಗೆಯ ಬುಡದಲ್ಲೇ ಉಳಿದಿತ್ತು.

"ಅದಕ್ಕ ಕುಂಕುಮ ಹಚ್ಚಿದಾಕಿ ಅಕ್ಷತಾ. ನಾನಽ ಹಚ್ಚು ಅಂದಿದ್ದೆ. ಸಣ್ಣ ಬಟ್ಟಿನ ಗುರುತು ಇನ್ನೂ ಐತಿ, ಒರಸಾಕ ಆಗವಲ್ದು."

ನನ್ನ ಕೈ ಸೀಟ್ ಬೆಲ್ಟನ್ನು ಹಿಡಿದುಕೊಂಡಿತು.

ಠಾಣೆಯಲ್ಲಿ ನಮ್ಮ ತಪ್ಪು ಗೊತ್ತಾಯಿತು. ಹೊರಗೆ ಕಾರಿನ ಹತ್ತಿರ ಬಂದ ಮಹಿಳಾ ಅಧಿಕಾರಿಗೆ ಅಣ್ಣ ಬಹಳ ಗೌರವದಿಂದ, ಮಂಗಳವಾರ ಚುನಾವಣೆ ಮುಗಿಯುವವರೆಗೆ ಇದನ್ನು ಇಟ್ಟುಕೊಳ್ಳಿ, ರಶೀದಿ ಕೊಡಿ, ಬುಧವಾರ ಬರುತ್ತೇನೆ ಎಂದರು. ಆಕೆಗೆ ತಿಳಿಯಲಿಲ್ಲ. ಚುನಾವಣೆಗೂ ಇದಕ್ಕೂ ಏನು ಸಂಬಂಧ ಎಂದಳು. ನಮ್ಮ ದೇಶದ ಪದ್ಧತಿಯನ್ನು ಅಣ್ಣ ವಿವರಿಸಿದರು. ಆಕೆ ಪೂರ್ತಿ ಕೇಳಿ, ಒಳ್ಳೆಯ ಪದ್ಧತಿ, ಇಲ್ಲಿ ಅಂಥದ್ದಿಲ್ಲ ಎಂದಳು. ಕೊಟ್ಟರೆ ಕೊಟ್ಟ ಹಾಗೆ. ಅದನ್ನು ನಾಶ ಮಾಡುತ್ತಾರೆ. ಬೇಡವಾದರೆ ಮನೆಗೆ ಒಯ್ಯಬಹುದು, ಅದು ನಿಮ್ಮ ಹಕ್ಕು.

ಅಣ್ಣ ನನ್ನ ಕಡೆ ನೋಡಿದರು. ಇಲ್ಲದ ಕಾನೂನನ್ನು ಹೇಳಿ ಕರೆದುಕೊಂಡು ಬಂದವಳು ನಾನು. ಆ ನಿಮಿಷದಲ್ಲಿ ಮಾತಾಡಿ ಗೆಲ್ಲುವುದು ನನಗೆ ಬೇಕಿರಲಿಲ್ಲ.

"ಪೆನ್ ಕೊಡ್ರಿ," ಎಂದರು ಅಣ್ಣ, ಆಕೆಗೆ ಕನ್ನಡದಲ್ಲಿಯೇ. ಆಮೇಲೆ ನಾಲಿಗೆ ಕಚ್ಚಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು. ಕಾಗದದ ಮೇಲೆ ಸಹಿ ಹಾಕಿದರು. ಆಕೆ ಪಿಸ್ತೂಲನ್ನು ಚೀಲಕ್ಕೆ ಹಾಕುವಾಗ ಕೆಂಪು ಗುರುತು ನೋಡಿ ತಡೆದಳು. ಪೂಜೆಯ ಬಣ್ಣ, ಮಗು ಹಚ್ಚಿದ್ದು ಎಂದು ನಾನೇ ಹೇಳಿದೆ. ಆಕೆ ಒಂದು ಗಳಿಗೆ ನನ್ನನ್ನು ನೋಡಿ, ಥ್ಯಾಂಕ್ ಯೂ ಮ್ಯಾಮ್ ಎಂದಳು.

ವಾಪಸು ಬರುವಾಗ ನನ್ನೊಳಗೆ ಡೊಳ್ಳು ಬಡಿಯುತ್ತಿತ್ತು. ಟಿವಿಯ ಅಷ್ಟು ಜನ ತಿಂಗಳುಗಟ್ಟಲೆ ಮಾತಾಡಿ ಒಂದು ಬಂದೂಕನ್ನೂ ಅಲುಗಿಸಿರಲಿಲ್ಲ. ಪಿಯುಸಿ ಕಲಿತ ಹೆಂಗಸು, ಓಟಿಲ್ಲದಾಕಿ, ಒಂದನ್ನು ಲೋಕದಿಂದಲೇ ಕಡಿಮೆ ಮಾಡಿದ್ದೆ. ಪ್ರಕಾಶ ಹೋದ ಮೇಲೆ ಮೊದಲ ಸಲ ಕಾರಿನಲ್ಲಿ ನಾನಾಗಿಯೇ ರೇಡಿಯೋ ಹಾಕಿದೆ. ಅಣ್ಣ ದನಿ ಜೋರು ಮಾಡಿದರು. ಅಕ್ಕ ಬಾಗಿಲಲ್ಲೇ ನಿಂತಿದ್ದರು. ಮಹಡಿ ಕೋಣೆ ಹಾಗೆಯೇ ಇದೆ, ಇನ್ನಾದರೂ ಬರುತ್ತೀಯಲ್ಲ ಎಂದು ಕೇಳಿದರು. ಹಬ್ಬ ಹಬ್ಬಕ್ಕೆ ಬರುತ್ತೇನೆ, ಮನೆ ಸೆರಿಟೋಸ್‌ನಲ್ಲಿದೆ ಎಂದೆ. ಹಾಗೆ ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅಲ್ಲಿಯವರೆಗೆ ಅದನ್ನು ಅಪಾರ್ಟ್‌ಮೆಂಟ್ ಎನ್ನುತ್ತಿದ್ದೆ. ಮನೆ ಎಂದರೆ ರೋಣದ ಹತ್ತಿರದ್ದು.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ, ಅಕ್ಕನ ಗಂಡನಿಗೆ ಜನರ ಮುಂದೆ ಎದುರಾಡಿದೆಯಾ ಎಂದು ಬೈದಳು, ಆಮೇಲೆ ಅತ್ತಳು, ಈ ದೇಶ ಸಾಕು, ಬಂದುಬಿಡು ಎಂದಳು. ಊರಲ್ಲಿದ್ದರೆ ಹಾಗೆ ಎದುರಾಡುವ ಅಗತ್ಯವೂ ಬರುತ್ತಿರಲಿಲ್ಲ, ಎದುರಾಡುವ ಧೈರ್ಯವೂ ಬರುತ್ತಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅಲ್ಲಿಯ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಈಗಲೂ ಇದೆಯಂತೆ. ಪ್ರತಿ ಸಲ ಹೆಸರು ಕೂಗುತ್ತಾರೆ, ಅಮೆರಿಕಾದಾಗ ಅದಾಳ್ರಿ ಎಂದು ನನ್ನ ತಮ್ಮ ಉತ್ತರ ಕೊಡುತ್ತಾನೆ.

ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಟಿದ್ದೆ. ಅಣ್ಣನ ಫೋನು. ಮತದಾರರಿಗೆ ಮೊದಲೇ ಕಳಿಸುವ, ಅಭ್ಯರ್ಥಿಗಳ ಹೆಸರಿರುವ ಚುನಾವಣೆಯ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದರು.

"ಗಿರಿಜಾ, ಈ ಸಲದ ನನ್ನ ಓಟಿನ್ಯಾಗ ಅರ್ಧ ನಿಂದು. ಹೇಳು, ಯಾರಿಗೆ ಹಾಕ್ಲಿ?"

ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತೆ. ಒಂದೊಂದೇ ಹೆಸರು ಓದಿರಿ, ನಿಧಾನವಾಗಿ ಎಂದೆ.