ಟ್ಯಾಂಕಿನ ಹತ್ತಿರ ಸಿಗುವ ಸಿಗ್ನಲ್

ಕೊನೆಯ ದಿನಗಳಲ್ಲಿ ಅಮ್ಮ ಕೇಳಿದ್ದು ಒಂದೇ, ಕಿರಿಮಗಳ, ಅಂದರೆ ನನ್ನ ತಂಗಿಯ, ಮುಖ ನೋಡಬೇಕು. ನಾವಿದ್ದದ್ದು ಚಿಕ್ಕಬಳ್ಳಾಪುರದಲ್ಲಿ, ತಂಗಿ ಶಿಡ್ಲಘಟ್ಟದ ಆಚೆಯ ಹಳ್ಳಿಯಲ್ಲಿ. ಬಸ್ಸಿಗೇನೂ ಬರವಿರಲಿಲ್ಲ. ಆದರೆ ಅವಳ ರೇಷ್ಮೆಹುಳುಗಳು ನಾಲ್ಕನೆಯ ಸಲ ಪೊರೆ ಬಿಟ್ಟು, ನಮ್ಮ ಮಾತಿನಲ್ಲಿ ನಾಲ್ಕನೇ ಜ್ವರ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಆ ಹೊತ್ತಿನಲ್ಲಿ ಹುಳು ಬಿಟ್ಟು ಹೋಗಬಾರದು, ಕಾಯಿಲೆಯವರ ಮನೆ ಹೊಕ್ಕು ಹುಳುಮನೆಗೆ ಮರಳಬಾರದು ಎಂದು ಕಲಿಸಿದವಳೇ ಅಮ್ಮ. “ಗೂಡು ಮಾರ್ಕೊಂಡೇ ಬರ್ಲಿ ಕಣೇ. ಈಗ ಫೋನಲ್ಲಿ ತೋರ್ಸು, ಸಾಕು,” ಎಂದಳು.

ತೋರಿಸುವುದು ಹೇಗೆ? ತಂಗಿಯದು ಬಟನ್ ಫೋನು. ಶಿಡ್ಲಘಟ್ಟದಲ್ಲಿ ದೊಡ್ಡ ಫೋನು ಕೊಂಡು ಅವಳ ಗಂಡನ ಕೈಗೆ ಕೊಟ್ಟೆ. “ಫೈವ್‌ಜಿ ಮೇಡಂ, ಕಣ್ಮುಚ್ಕೊಂಡು ತಗೊಳ್ಳಿ” ಎಂದಿದ್ದ ಅಂಗಡಿಯವನು. ಅವನ ತಲೆ. ಆ ಊರಿಗೆ ಫೈವ್‌ಜಿ ಬಂದಿದ್ದರೆ ತಾನೆ? ಯಾವ ಕಂಪನಿಯ ಟವರ್ ಹತ್ತಿರವಿದೆ ಎಂದು ತಂಗಿಯ ಗಂಡ ಊರವರನ್ನು ಕೇಳಿ ಬೇರೆ ಸಿಮ್ ಹಾಕಿಸಿದ ಮೇಲೆ, ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಫೋರ್‌ಜಿ ಸಿಕ್ಕಿತು. ಮನೆಯೊಳಗೆ ಒಂದು ಗೀಟೂ ಇಲ್ಲ.

ಸಂಜೆ ಸೊಪ್ಪು ಹಾಕಿ ತಂಗಿ ಟ್ಯಾಂಕಿನ ಹತ್ತಿರ ಓಡುತ್ತಿದ್ದಳು. “ಹುಳ ಹೆಂಗೈತೆ?” ಎಂದು ಅಮ್ಮ, “ಊಟ ಮಾಡ್ದೇನಮ್ಮ?” ಎಂದು ಅವಳು. ನಡುವೆ ಚಿತ್ರ ನಿಂತುಬಿಡುತ್ತಿತ್ತು. ತಂಗಿ ಫೋನು ಎತ್ತಿ ಹಿಡಿದು ಟ್ಯಾಂಕು ಸುತ್ತುವಳು, ಚಿತ್ರ ಮತ್ತೆ ಅಲ್ಲಾಡುವುದು. ಅಷ್ಟಕ್ಕೇ ಅಮ್ಮನ ಮುಖ ಅರಳುತ್ತಿತ್ತು. ಪಕ್ಕದಲ್ಲೇ ಇದ್ದ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹುಳು ಮೇವು ಬಿಟ್ಟು ಹಣ್ಣಾದ ಸಂಜೆ ತಂಗಿಯೇ ಕರೆ ಮಾಡಿದಳು. ಅಮ್ಮನನ್ನು ದಿಂಬಿಗೆ ಒರಗಿಸಿ ಫೋನು ಎದುರು ಹಿಡಿದೆ.

“ಅಮ್ಮ, ಹುಳ ಎಲ್ಲಾ ಗೂಡು ಕಟ್ಟಕ್ಕೆ ಬಿಟ್ವಿ. ಮಾರ್ಕೆಟ್ಟಿಗೆ ಹಾಕಿ ಬಂದ್ಬಿಡ್ತೀನಿ.”

ಅಮ್ಮ ನಕ್ಕಳು. ಏನೋ ಹೇಳಲು ಬಾಯಿ ತೆರೆದಳು, ಹಾಗೆಯೇ ಉಳಿದಳು. ನಾನು ಹಿಡಿದಿದ್ದ ಅವಳ ಕೈ ಸಡಿಲವಾಯಿತು.

“ಅಕ್ಕ, ಸಿಗ್ನಲ್ ಹೋಯ್ತು ಕಣಕ್ಕ. ಅಮ್ಮ ನಿಂತೋದ್ಲು. ಇರು, ಈ ಕಡೆ ಬರ್ತೀನಿ.”

ನನ್ನ ಕೈಯ ಫೋನಿನಲ್ಲಿ ತಂಗಿಯ ಮುಖ, ಹಿಂದಿನ ಹಿಪ್ಪುನೇರಳೆ ತೋಟ, ಎಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಅಂದು ಸಿಗ್ನಲ್ ಒಮ್ಮೆಯೂ ಹೋಗಿರಲಿಲ್ಲ. “ಈಗ ಬಂತಾ ಅಕ್ಕ?” ಎನ್ನುತ್ತ ತಂಗಿ ಫೋನನ್ನು ಇನ್ನೂ ಎತ್ತರಕ್ಕೆ ಎತ್ತಿದಳು.