ಅತ್ತೆಯ ಕಣ್ಣು, ನನ್ನ ಹೊಟ್ಟೆ

ದಿಢೀರನೆ ಬರುವ ಹೊಟ್ಟೆನೋವಿನ ಕಾರಣಗಳು ನನಗೆ ಬಾಯಿಪಾಠ. ಅಪೆಂಡಿಕ್ಸ್, ಮೂತ್ರಪಿಂಡದ ಕಲ್ಲು, ಕರುಳು ತೊಡರುವುದು, ಹುಣ್ಣು ಒಡೆಯುವುದು, ಹೊಟ್ಟೆನೋವಿನ ವೇಷದಲ್ಲಿ ಬರುವ ಹೃದಯಾಘಾತ. ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಊಟವಾದ ಮೇಲೆ ನಾನು ಮೊಬೈಲಿನಲ್ಲಿ ಓದುವುದು ಇದನ್ನೇ. ಅವ್ವನಿಗೆ ಗೊತ್ತಿರುವ ಕಾರಣ ಒಂದೇ: ಉಣ್ಣುವಾಗ ಯಾರೋ ತಾಟು ನೋಡಿದ್ದಾರೆ.

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಆ 'ಯಾರೋ' ಯಾವಾಗಲೂ ಅತ್ತೆಯೇ, ಅಪ್ಪನ ತಂಗಿ. ಗಂಡ ಸತ್ತ ಮೇಲೆ ಕಂಪ್ಲಿಯಿಂದ ಬಂದವಳು, ಮಕ್ಕಳಿಲ್ಲ. ಮಕ್ಕಳಿಲ್ಲದವಳ ಕಣ್ಣು ಹಸಿದಿರುತ್ತದೆ ಎಂಬುದು ಅವ್ವನ ಶಾಸ್ತ್ರ. ಹಾಗಾಗಿ ಅತ್ತೆ ಉಣ್ಣುವುದು ಎಲ್ಲರದೂ ಆದ ಮೇಲೆ, ಅಡುಗೆಮನೆಯಲ್ಲಿ, ಗೋಡೆಗೆ ಮುಖ ಮಾಡಿ.

ಆ ಕಣ್ಣುಗಳಿಗೆ ಪೊರೆ ಬಂದಿತ್ತು. ಒಂದರಲ್ಲಿ ಬರೀ ಬೆಳಕು, ಇನ್ನೊಂದರಲ್ಲಿ ಮಸುಕು ಆಕಾರಗಳು. ಹೊಸಪೇಟೆಯ ಕಣ್ಣಿನ ಡಾಕ್ಟರು ಸೋಮವಾರ ಆಪರೇಷನ್ನಿಗೆ ಕರೆತರಲು ಹೇಳಿದ್ದರು. ನಾನು ರಜೆ ಹಾಕಿದ್ದೆ. ಅತ್ತೆ ಸೀರೆ ಮಡಿಸಿಟ್ಟುಕೊಂಡು ಕಾಯುತ್ತಿದ್ದಳು.

"ಅಕ್ಕ್ಯಾಗಿನ ಕಲ್ಲು ಕಂಡ್ರ ಸಾಕಪಾ ನನಗ," ಅನ್ನುತ್ತಿದ್ದಳು.

ಭಾನುವಾರ ಮಧ್ಯಾಹ್ನ ಎಣ್ಣೆಗಾಯಿ, ಮಿರ್ಚಿ ಬಜಿ. ಅವ್ವ ಮಂಡಿನೋವೆಂದು ಕೂತಿದ್ದಳು, ಬಡಿಸಿದ್ದು ಅತ್ತೆ. ಕೊನೆಯ ಮಿರ್ಚಿ ಒಳಗಿಳಿಯುವಷ್ಟರಲ್ಲಿ ಬಲಪಕ್ಕೆಯ ಕೆಳಗೆ ಇಕ್ಕಳ ಹಾಕಿ ತಿರುವಿದಂತಾಯಿತು. ನೆಲಕ್ಕೆ ಉರುಳಿದೆ. ಓದಿದ ಅಷ್ಟೂ ಕಾಯಿಲೆಗಳು ಒಟ್ಟಿಗೇ ಬಂದಿವೆ ಎಂಬ ತೀರ್ಮಾನಕ್ಕೆ ಬಂದೆ. ಹೆಂಡತಿ ಆಟೋ ಕರೆಯಲು ಓಡಿದಳು.

"ಉಣ್ಣೋನ ತಾಟು ನೋಡಿದೇನ?" ಅವ್ವ ಅತ್ತೆಯನ್ನು ಕೇಳಿದಳು.

"ನೋಡಾಕ ಕಣ್ಣೆಲ್ಲದಾವು ಅತ್ತಿಗಿ? ಅಷ್ಟು ಶಕ್ತಿ ಇದ್ದಿದ್ರ ಮೊದ್ಲು ನಿನ್ನ ನೋಡ್ತಿದ್ನಿ."

ಅವ್ವ ಉಪ್ಪು, ಒಣಮೆಣಸಿನಕಾಯಿ ನನಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರಲಿಲ್ಲ, ಯಾರೂ ಕೆಮ್ಮಲಿಲ್ಲ. ದಿಷ್ಟಿ ಆಗಿರುವುದಕ್ಕೆ ಅದೇ ಸಾಕ್ಷಿ. ಮೆಣಸಿನಕಾಯಿ ಬ್ಯಾಡಗಿಯದು, ಅದರಲ್ಲಿ ಇರುವುದು ಬಣ್ಣ ಮಾತ್ರ ಎಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸ್ಕ್ಯಾನಿಂಗಿನಲ್ಲಿ ಸಿಕ್ಕಿದ್ದು ಪಿತ್ತಕೋಶದ ಕಲ್ಲುಗಳು. "ಭಾಳ ವರ್ಷದಿಂದ ಕೂಡ್ಯಾವ್ರಿ ಇವು. ಎಣ್ಣಿ ತಿಂದ್ರಿ, ಎದ್ದು ಒದ್ದಾವು," ಎಂದರು ಡಾಕ್ಟರು. ಇನ್ನು ಅತ್ತೆ ಬಚಾವ್ ಎಂದುಕೊಂಡು ನಾನು ಆ ಚಿತ್ರವನ್ನು ಅವ್ವನ ಮುಂದೆ ಹಿಡಿದೆ.

"ಕಲ್ಲು ಇರ್ಲಿ ಬಿಡಲೇ. ಇಷ್ಟು ವರ್ಷ ಸುಮ್ನ ಇದ್ದುವು, ಆಕಿ ಬಡಿಸಿದ ದಿನಾನ ಯಾಕ ಎದ್ದುವು?" ಎಂದಳು ಅವ್ವ. "ಕಾಣದ ಕಣ್ಣಿಗೇ ಹಿಂಗ. ಕಂಡ್ರ ನಮ್ಮ ಗತಿ ಏನು? ಆಕಿಗೆ ಆಪರೇಷನ್ ಬ್ಯಾಡ."

ಆ ವಾರ ಆಪರೇಷನ್ ಆದದ್ದು ನನಗೆ. ಪಿತ್ತಕೋಶವನ್ನೇ ತೆಗೆದರು. ಅವ್ವನ ಮಾತು ಮೂಢತನ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಚಿಂತೆ ಮಾಡುವವನು ಯಾವ ಕಾರಣವನ್ನೂ ಪೂರ್ತಿ ಬಿಟ್ಟುಕೊಡುವುದಿಲ್ಲ. ನನಗಿನ್ನೂ ಜಠರವಿದೆ, ಕರುಳಿದೆ, ಎರಡು ಮೂತ್ರಪಿಂಡಗಳಿವೆ. "ನನ್ನ ಹೊಲಿಗೆ ಮಾಯ್ಲಿ ಅತ್ತಿ," ಎಂದೆ. ಹೊಲಿಗೆ ಮಾಯಿತು. ಬಿಸಿಲು ಇಳಿಯಲಿ ಎಂದೆ, ಇಳಿಯಿತು. ನಿನ್ನ ಸಕ್ಕರೆ ಇಳಿಯಲಿ ಎಂದೆ. ಆಕೆಗೆ ಸಕ್ಕರೆ ಕಾಯಿಲೆಯೇ ಇಲ್ಲ.

"ನಿಂಗ ಹೆಂಗ ಅನುಕೂಲನೋ ಹಂಗಪಾ," ಎಂದು ಅತ್ತೆ ಕೇಳುವುದನ್ನೇ ಬಿಟ್ಟಳು. ಮಡಿಸಿಟ್ಟ ಸೀರೆಯನ್ನು ಮನೆಯಲ್ಲೇ ಉಟ್ಟು ಹಳೆಯದು ಮಾಡಿದಳು.

ಈಗ ಆಕಾರಗಳೂ ಕಾಣುವುದಿಲ್ಲ. ನಿನ್ನೆ ಅತ್ತೆ ಅಡುಗೆಮನೆಯ ಬಾಗಿಲು ತಡವರಿಸುತ್ತಿದ್ದಾಗ ಅವ್ವ ಆಕೆಯ ಮುಖದ ಮುಂದೆ ಕೈ ಆಡಿಸಿ ನೋಡಿದಳು. ರೆಪ್ಪೆ ಅಲುಗಲಿಲ್ಲ. ಅವ್ವನೇ ಕೈ ಹಿಡಿದು ತಂದು ನಮ್ಮ ಸಾಲಿನಲ್ಲಿ ಕೂರಿಸಿದಳು.

"ಇನ್ನ ಒಳಗ್ಯಾಕ, ಇಲ್ಲೇ ನಮ್ಮ ಕೂಡ ಉಣ್ಣು," ಎಂದಳು, ಪ್ರೀತಿಯಿಂದಲೇ.

ತಾಟು ಎಲ್ಲಿದೆ ಎಂದು ತಿಳಿಯಲಿ ಅಂತ ನಾನು ಬೆರಳಿನಿಂದ ಅದರ ಅಂಚು ಬಡಿದೆ. ಅತ್ತೆ ಅದನ್ನು ಹಿಡಿದುಕೊಂಡು ಕೇಳಿದಳು:

"ಯಾವ ಕಡಿ ಮಾರಿ ಮಾಡ್ಲಿ ಅತ್ತಿಗಿ?"

"ಯಾವ ಕಡಿಗಾದ್ರೂ ಮಾಡು," ಎಂದಳು ಅವ್ವ.